ಕಬರ್‌ಸ್ತಾನದ ಪುಸ್ತಕದಲ್ಲಿ ಯಾರ ಹೆಸರಿರಬೇಕು?

(ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ಕೆಲವು ಕುಟುಂಬಗಳು ಶಿರಸಿಯಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಈ ಸಭೆಯಲ್ಲಿ ವಕ್ಫ್ ಕಾನೂನಿನ ಕುರಿತು ಮಾತನಾಡಬೇಕೆಂದು ನಮ್ಮನ್ನು ಕೇಳಿಕೊಳ್ಳಲಾಗಿತ್ತು. ಕಾನೂನಿನ ವಿಷಯಕ್ಕೆ ಖಂಡಿತ ಬರುತ್ತೇವೆ. ಆದರೆ ಅದಕ್ಕಿಂತ ಮೊದಲು ಒಂದು ಮಳೆಗಾಲದ ದಿನದ ಸಂಗತಿಯನ್ನು ನಿಮ್ಮ ಮುಂದಿಡಬೇಕಾಗಿದೆ. ಏಕೆಂದರೆ ಕಾನೂನು ನಮಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಆ ದಿನದಿಂದ.

ಮೂರು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ನಮ್ಮ ದೊಡ್ಡಪ್ಪನವರು ತೀರಿಕೊಂಡರು. ಶಿರಸಿಯಲ್ಲಿ ಮನೆ ಮಾಡಿ ನಲವತ್ತು ವರ್ಷಗಳಾಗಿದ್ದರೂ ತಮ್ಮನ್ನು ಹಳ್ಳಿಯ ಕಬರ್‌ಸ್ತಾನದಲ್ಲಿ, ತಂದೆಯ ಪಕ್ಕದಲ್ಲಿ ದಫನ ಮಾಡಬೇಕೆಂದು ಅವರು ಹೇಳಿಟ್ಟಿದ್ದರು. ಸಿದ್ದಾಪುರ ರಸ್ತೆಯಲ್ಲಿ ಕಾನಸೂರಿನಿಂದ ಒಳಕ್ಕೆ ಹೋಗಬೇಕಾದ ಹಳ್ಳಿ ಅದು. ಅಲ್ಲಿ ಈಗ ನಮ್ಮವರ ಒಂದು ಮನೆಯೂ ಇಲ್ಲ. ಅಡಿಕೆ ತೋಟದ ಅಂಚಿನಲ್ಲಿ, ಸೊಪ್ಪಿನ ಬೆಟ್ಟಕ್ಕೆ ತಾಗಿಕೊಂಡು ಹನ್ನೊಂದು ಗುಂಟೆ ಜಾಗವಿದೆ. ನಾಲ್ಕು ತಲೆಮಾರುಗಳ ನಮ್ಮ ಹಿರಿಯರು ಅಲ್ಲಿ ಮಲಗಿದ್ದಾರೆ.

ಮಯ್ಯಿತ್ತನ್ನು ತಾಡಪಾಲಿನ ಕೆಳಗೆ ಇರಿಸಿ ಕಬರ್ ತೋಡಲು ಆರಂಭಿಸಿದೆವು. ಅಜ್ಜನವರ ಕಬರ್ ಎಲ್ಲಿದೆ ಎಂದು ಒಬ್ಬರು ಒಂದು ಕಡೆ ತೋರಿಸಿದರು, ಇನ್ನೊಬ್ಬರು ಮತ್ತೊಂದು ಕಡೆ. ಅದನ್ನು ಸರಿಯಾಗಿ ತಿಳಿದಿದ್ದವರು ದೊಡ್ಡಪ್ಪನವರೇ ಆಗಿದ್ದರು. ಎರಡೂವರೆ ಅಡಿ ಇಳಿಯುವಷ್ಟರಲ್ಲಿ ಎಲುಬು ಕಂಡಿತು. ಗುದ್ದಲಿ ಹಿಡಿದವನು ಕೈಬಿಟ್ಟು ಹಿಂದೆ ಸರಿದ. ಇಸ್ತಿಗ್‌ಫಾರ್ ಹೇಳಿ ಆ ಮಣ್ಣನ್ನು ಹಾಗೆಯೇ ಮುಚ್ಚಿದೆವು. ನಾಲ್ಕು ಹೆಜ್ಜೆ ಆಚೆ ತೋಡಿದೆವು. ಅಲ್ಲಿಯೂ ಅದೇ ಆಯಿತು. ಮೂರನೆಯ ಜಾಗದಲ್ಲಿ ದಫನ ಮುಗಿಯುವಾಗ ಮಗ್ರಿಬ್ ಆಗಿತ್ತು. ಮೃತರ ಎಲುಬನ್ನು ಮುರಿಯುವುದು ಜೀವಂತ ವ್ಯಕ್ತಿಯ ಎಲುಬನ್ನು ಮುರಿದಂತೆ ಎಂಬ ಪ್ರವಾದಿ(ಸ)ರ ಎಚ್ಚರಿಕೆಯನ್ನು ಬಲ್ಲ ನಾವು ಒಂದೇ ಸಂಜೆ ನಮ್ಮವರೇ ಆದ ಇಬ್ಬರ ವಿಶ್ರಾಂತಿಯನ್ನು ಕೆದಕಿದ್ದೆವು. ಅವರು ಯಾರೆಂಬುದೂ ನಮಗೆ ತಿಳಿದಿರಲಿಲ್ಲ.

ಹಿಂದಿರುಗುವಾಗ ಜೀಪಿನಲ್ಲಿ ಯಾರೂ ಮಾತನಾಡಲಿಲ್ಲ. ಆ ವರ್ಷದ ಮಳೆ ಮುಗಿದ ಮೇಲೆ, ಡಿಸೆಂಬರ್‌ನಲ್ಲಿ, ಕತ್ತಿ ಮತ್ತು ಅಳತೆಪಟ್ಟಿ ಹಿಡಿದು ಕಬರ್‌ಗಳ ದಾಖಲೆಯ ಕೆಲಸಕ್ಕೆ ಇಳಿದೆವು.

ಸಹೋದರರೇ, ಈ ಕೆಲಸವನ್ನು ಕಂಡು ಕೆಲವರು ಹುಬ್ಬೇರಿಸಿದರು. ‘ಕಬರ್‌ಗಳಿಗೆ ನಂಬರ್ ಹಾಕುವುದು, ಹೆಸರು ಬರೆಯುವುದು, ಇದೆಲ್ಲ ಕೊನೆಗೆ ಚಾದರ ಹೊದಿಸುವಲ್ಲಿಗೆ ಹೋಗಿ ಮುಟ್ಟುತ್ತದೆ’ ಎಂದರು. ಅವರ ಆತಂಕ ಸುಳ್ಳೆಂದು ಹೇಳಲಾರೆವು. ಸಮಾಧಿಗಳ ಹೆಸರಿನಲ್ಲಿ ನಮ್ಮ ಸಮುದಾಯದಲ್ಲಿ ನಡೆದಿರುವ ವ್ಯಾಪಾರವನ್ನು ನಾವೆಲ್ಲ ಕಂಡಿದ್ದೇವೆ. ಕಬರ್‌ಗೆ ಗಾರೆ ಹಾಕುವುದನ್ನು, ಅದರ ಮೇಲೆ ಕಟ್ಟಡ ಎಬ್ಬಿಸುವುದನ್ನು, ಅದರ ಮೇಲೆ ಕೂರುವುದನ್ನು ಪ್ರವಾದಿ(ಸ) ತಡೆದಿದ್ದಾರೆ. ಬರೆಯುವುದನ್ನೂ ತಡೆದರೆಂದು ತಿರ್ಮಿದಿಯ ವರದಿಯಲ್ಲಿ ಇದೆ. ಆದರೆ ಅದೇ ಪ್ರವಾದಿ(ಸ) ಏನು ಮಾಡಿದರೆಂಬುದನ್ನೂ ನೋಡಬೇಕಲ್ಲವೇ? ಹಝ್ರತ್ ಉಸ್ಮಾನ್ ಬಿನ್ ಮಝ್‌ಊನ್(ರ) ಮದೀನಾದಲ್ಲಿ ನಿಧನರಾದಾಗ ಪ್ರವಾದಿ(ಸ) ಒಂದು ಕಲ್ಲನ್ನು ತರಲು ಹೇಳಿದರು. ಹೇಳಿಸಿಕೊಂಡವರಿಗೆ ಅದನ್ನು ಎತ್ತಲಾಗಲಿಲ್ಲ. ಆಗ ಅವರೇ ತೋಳು ಮಡಚಿ ಎತ್ತಿ ತಂದು ಕಬರಿನ ತಲೆಯ ಬದಿಗೆ ಇಟ್ಟರು. ತಮ್ಮ ಸಹೋದರನ ಕಬರನ್ನು ಗುರುತಿಸಲು ಮತ್ತು ಮುಂದೆ ತಮ್ಮ ಕುಟುಂಬದವರನ್ನು ಅಲ್ಲಿಯೇ ಹತ್ತಿರ ದಫನ ಮಾಡಲು ಅನುಕೂಲವಾಗಲೆಂದು ಅದರ ಕಾರಣವನ್ನೂ ತಿಳಿಸಿದರು. ಅಬೂದಾವೂದ್‌ನಲ್ಲಿ ಬರುವ ಈ ಘಟನೆ ನಮ್ಮ ದೊಡ್ಡಪ್ಪನವರ ಬಯಕೆಗಿಂತ ಬೇರೆಯಾದುದೇನೂ ಅಲ್ಲ.

ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಬಡ ವ್ಯಕ್ತಿಯ ಪ್ರಸಂಗವೂ ನಿಮಗೆ ಗೊತ್ತಿದೆ. ಅದು ಒಬ್ಬ ಮಹಿಳೆಯೆಂದೇ ಬಹಳಷ್ಟು ವಿದ್ವಾಂಸರು ತಿಳಿಯುತ್ತಾರೆ. ಸಹಾಬಿಗಳು ಅದನ್ನು ದೊಡ್ಡ ವಿಷಯವೆಂದು ಭಾವಿಸದೆ ಪ್ರವಾದಿ(ಸ)ರಿಗೆ ತಿಳಿಸದೆಯೇ ದಫನ ಮಾಡಿಬಿಟ್ಟಿದ್ದರು. ತಿಳಿದಾಗ ಅವರು ಬೇಸರಿಸಿ, ಕಬರನ್ನು ತೋರಿಸುವಂತೆ ಕೇಳಿ, ಅಲ್ಲಿಗೆ ಹೋಗಿ ನಮಾಝ್ ಮಾಡಿದರು. ತೋರಿಸಲು ಅಲ್ಲಿ ಯಾರಾದರೂ ಒಬ್ಬರು ಬಲ್ಲವರಿದ್ದರು ಎಂಬುದನ್ನು ನಾವು ಗಮನಿಸುವುದಿಲ್ಲ. ನಮ್ಮ ಹಳ್ಳಿಗಳ ಕಬರ್‌ಸ್ತಾನಗಳಲ್ಲಿ ತೋರಿಸಬಲ್ಲವರು ಈಗ ಎಷ್ಟು ಮಂದಿ ಉಳಿದಿದ್ದಾರೆ?

ಆದುದರಿಂದ ನಾವು ಕಲ್ಲುಗಳ ಮೇಲೆ ಏನನ್ನೂ ಬರೆಯದೆ ಪುಸ್ತಕದಲ್ಲಿ ಬರೆದೆವು. ಆರಂಭದಲ್ಲಿ ನಮ್ಮ ಹುಡುಗರು ಉತ್ಸಾಹದಿಂದ ಕಲ್ಲುಗಳಿಗೆ ಬಿಳಿ ಬಣ್ಣದಲ್ಲಿ ಅಂಕಿಗಳನ್ನು ಬಳಿದಿದ್ದರು. ಹಿರಿಯರೊಬ್ಬರು ಆಕ್ಷೇಪಿಸಿದಾಗ ತಂತಿ ಬ್ರಶ್ಶಿನಿಂದ ಉಜ್ಜಿ ತೆಗೆಸಿದೆವು. ಆಕ್ಷೇಪಿಸಿದ್ದು ಒಳ್ಳೆಯದೇ ಆಯಿತು. ಮಲೆನಾಡಿನ ಎರಡು ಮಳೆಗೆ ಆ ಬಣ್ಣ ಉಳಿಯುತ್ತಿರಲಿಲ್ಲ. ವಾಯವ್ಯ ಮೂಲೆಯ ಗಡಿಕಲ್ಲನ್ನು ಆರಂಭದ ಬಿಂದುವೆಂದು ಇಟ್ಟುಕೊಂಡು, ಅಲ್ಲಿಂದ ಪೂರ್ವಕ್ಕೆ ಎಷ್ಟು ಅಡಿ, ದಕ್ಷಿಣಕ್ಕೆ ಎಷ್ಟು ಅಡಿ ಎಂದು ಪ್ರತಿಯೊಂದು ಗುರುತನ್ನೂ ಅಳೆದು ಚೌಕುಳಿ ಹಾಳೆಯಲ್ಲಿ ಇಳಿಸಿದೆವು. ನಮ್ಮಲ್ಲಿ ಕಿಬ್ಲಾ ಪಶ್ಚಿಮಕ್ಕಿರುವುದರಿಂದ ಕಬರ್ ಉತ್ತರ ದಕ್ಷಿಣವಾಗಿರುತ್ತದೆ, ತಲೆ ಉತ್ತರಕ್ಕೆ. ಆದ್ದರಿಂದ ದಿಬ್ಬ ಕುಸಿದು ಕೇವಲ ಒಂದು ಕೆಂಪುಕಲ್ಲು ಉಳಿದಿದ್ದರೂ ಅದು ತಲೆಗಲ್ಲೋ ಕಾಲುಗಲ್ಲೋ ಎಂದು ಅಕ್ಕಪಕ್ಕದ ಸಾಲನ್ನು ನೋಡಿ ಊಹಿಸಬಹುದು. ಹೀಗೆ ಒಟ್ಟು 61 ಗುರುತುಗಳು ಸಿಕ್ಕವು.

ಹೆಸರುಗಳು ಮಾತ್ರ ಅಲ್ಲಿರಲಿಲ್ಲ. ಸರಕಾರಿ ದಾಖಲೆಗಳಿಂದ ಹೆಚ್ಚಿನ ಸಹಾಯವಾಗದು. ಜನನ ಮರಣ ನೋಂದಣಿಯ ಈಗಿನ ಕಾಯ್ದೆ 1969ರದ್ದು. ಅದಕ್ಕಿಂತ ಹಿಂದಿನ ಹಳ್ಳಿಯ ಮರಣಗಳು ಪಟೇಲರ ಪುಸ್ತಕದಲ್ಲಿ ಬಿದ್ದಿದ್ದರೆ ಬಿದ್ದಿರಬಹುದು, ಇಲ್ಲದಿದ್ದರೆ ಇಲ್ಲ. ನಮ್ಮ ಜಿಲ್ಲೆಯ ಕಡತಗಳ ಪಾಡು ಬೇರೆಯೇ. 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ, 1956ರಲ್ಲಿ ಮುಂಬಯಿಯಿಂದ ಮೈಸೂರಿಗೆ ಹೀಗೆ ಕೈಯಿಂದ ಕೈಗೆ ಹೋದ ಜಿಲ್ಲೆ ಇದು. ಮರಣ ಪತ್ರ ಸಿಕ್ಕಿದರೂ ಅದು ಎಲ್ಲಿ ಸತ್ತರೆಂದು ಹೇಳುತ್ತದೆಯೇ ಹೊರತು ಎಲ್ಲಿ ಮಣ್ಣಾದರೆಂದಲ್ಲ.

ಬ್ರಿಟಿಷರು ತಮ್ಮವರ ವಿಷಯದಲ್ಲಿ ಹೀಗಿರಲಿಲ್ಲ. ಜೂಲಿಯನ್ ಜೇಮ್ಸ್ ಕಾಟನ್ ಎಂಬ ಅಧಿಕಾರಿ ಮದ್ರಾಸ್ ಪ್ರಾಂತದ ಗೋರಿಗಳ ಮೇಲಿನ ಬರಹಗಳನ್ನು ಪಟ್ಟಿ ಮಾಡಿ 1905ರಲ್ಲಿ ದಪ್ಪ ಪುಸ್ತಕವೊಂದನ್ನೇ ಪ್ರಕಟಿಸಿದ. ದೇಶ ಬಿಟ್ಟು ಹೋದ ಮೇಲೂ, 1976ರಲ್ಲಿ, ದಕ್ಷಿಣ ಏಷ್ಯಾದಲ್ಲಿರುವ ತಮ್ಮ ಸ್ಮಶಾನಗಳಿಗಾಗಿ ಲಂಡನ್ನಿನಲ್ಲಿ ಒಂದು ಸಂಘ ಕಟ್ಟಿಕೊಂಡರು. ನಮ್ಮ ದೇಶದ ಪುರಾತತ್ವ ಇಲಾಖೆಯೂ ಅರಬಿ, ಪಾರಸಿ ಶಾಸನಗಳನ್ನು ಓದಿ ಪ್ರಕಟಿಸಿದೆ. ಆದರೆ ಅವು ಸುಲ್ತಾನರ, ಅಮೀರರ, ಮಸೀದಿ ಕಟ್ಟಿಸಿದವರ ಕಲ್ಲುಗಳು. ಕರಾವಳಿಯ ಹೊನ್ನಾವರಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ಇಬ್ನು ಬತೂತ ಬಂದು, ಅಲ್ಲಿನ ಹೆಣ್ಣುಮಕ್ಕಳ ಶಾಲೆಗಳನ್ನು ಕಂಡು ಬರೆದಿಟ್ಟ. ಘಟ್ಟದ ಮೇಲಿನ ನಮ್ಮ ಬಳೆಗಾರರು, ಗಾಡಿಯವರು, ಮರ ಕೊಯ್ಯುವವರು, ಸಣ್ಣ ವ್ಯಾಪಾರಿಗಳ ಕುರಿತು ಯಾರು ಬರೆದರು? ಅವರ ಕಲ್ಲುಗಳಲ್ಲಿ ಓದಲು ಅಕ್ಷರಗಳೇ ಇಲ್ಲ.

ನಮಗೆ ದಾರಿ ತೋರಿಸಿದವರು ಇಬ್ಬರು. ಮೊದಲನೆಯವರು ನಮ್ಮ ಫುಪ್ಪು, ತೀರಿಕೊಂಡ ದೊಡ್ಡಪ್ಪನವರ ಅಕ್ಕ. ವಯಸ್ಸು 88. ಅವರು ಆ ಕಬರ್‌ಸ್ತಾನದೊಳಗೆ ಜೀವಮಾನದಲ್ಲಿ ಒಮ್ಮೆಯೂ ಕಾಲಿಟ್ಟಿಲ್ಲ, ನಮ್ಮ ಕಡೆ ಹೆಂಗಸರು ಹೋಗುವ ರೂಢಿಯಿಲ್ಲ. ಆದುದರಿಂದ ಅವರನ್ನು ಕೇಳಬೇಕೆಂದು ಆರು ತಿಂಗಳು ನಮ್ಮಲ್ಲಿ ಯಾರಿಗೂ ಹೊಳೆಯಲೇ ಇಲ್ಲ. ಒಂದು ದಿನ ನಮ್ಮ ಮನೆಯಲ್ಲಿ ನಕ್ಷೆ ಹರಡಿಕೊಂಡು ಕುಳಿತಿದ್ದಾಗ ಚಹಾ ಕುಡಿಯುತ್ತಿದ್ದ ಅವರೇ ಕೇಳಿದರು: ‘ನಮ್ಮ ಅಮ್ಮೀಜಾನ್ ಎಲ್ಲಿದ್ದಾರೆ ಇದರಲ್ಲಿ?’ ಗೊತ್ತಿಲ್ಲವೆಂದೆವು. ‘ಹಲಸಿನ ಮರದ ಕೆಳಗೆ. ಅವರ ಬಲಕ್ಕೆ, ಕಿಬ್ಲಾದ ಕಡೆಗೆ ಎರಡು ಹೆಜ್ಜೆ ಬಿಟ್ಟು ಅಬ್ಬಾ. ಅಮ್ಮೀಜಾನ್ ಕಾಲ ಬಳಿ ನನ್ನ ತಮ್ಮ, ಹಾಲು ಕುಡಿಯುವಾಗ ಹೋದವನು’ ಎಂದು ಬೆರಳಿನಿಂದ ಹಾಳೆಯ ಮೇಲೆ ತೋರಿಸಿದರು. ದಫನ ಮುಗಿಸಿ ಗಂಡಸರು ಮನೆಗೆ ಬಂದಾಗ ಹೆಂಗಸರು ಕೇಳುವ ಮೊದಲ ಪ್ರಶ್ನೆಯೇ ಎಲ್ಲಿ ಇಟ್ಟಿರಿ, ಯಾರ ಬದಿಗೆ ಇಟ್ಟಿರಿ ಎಂಬುದಾಗಿತ್ತಂತೆ. ಗಂಡಸರು ಉತ್ತರಿಸಿ ಮರೆತರು. ಹೆಂಗಸರು ನೆನಪಿನಲ್ಲಿಟ್ಟುಕೊಂಡರು. ಒಂದು ವಾರದಲ್ಲಿ ಫುಪ್ಪು 26 ಹೆಸರುಗಳನ್ನು ಹೇಳಿದರು. ಹೆಚ್ಚಿನವು ಹೆಂಗಸರ ಮತ್ತು ಮಕ್ಕಳ ಹೆಸರುಗಳು. ಗಂಡಸರು ನಮಗೆ ಹೇಳಿದ ಪಟ್ಟಿಯಲ್ಲಿ ಅವರೆಲ್ಲ ಇಂಥವರ ಪತ್ನಿ, ಇಂಥವರ ಮಗು ಎಂದಷ್ಟೇ ಇದ್ದರು.

ಆದರೆ ಅಲ್ಲಿ ಹಲಸಿನ ಮರವೇ ಇರಲಿಲ್ಲ! ಆಗ ಎರಡನೆಯವರ ಬಳಿಗೆ ಹೋದೆವು. ಪಕ್ಕದ ತೋಟದ ಹೆಗಡೆಯವರು, ಅವರೂ ಎಂಬತ್ತು ದಾಟಿದವರು. ‘ಹಲಸು ಗಾಳಿಗೆ ಬಿದ್ದು ಎಷ್ಟು ಕಾಲವಾಯಿತು ಸಾಯಬ್ರೇ, ಅದರ ಬುಡ ಇಲ್ಲಿತ್ತು’ ಎಂದು ಕೋಲಿನಿಂದ ನೆಲ ತೋರಿಸಿದರು. ತರಗೆಲೆ ಸರಿಸಿದಾಗ ಗೆದ್ದಲು ತಿಂದ ಬೇರು ಸಿಕ್ಕಿತು. ಫುಪ್ಪುವಿನ ಮಾತು ಮತ್ತು ಹೆಗಡೆಯವರ ಕೋಲು ಸೇರಿ ನಮ್ಮ ಅಜ್ಜನವರನ್ನು ಪತ್ತೆಹಚ್ಚಿದವು. ದೊಡ್ಡಪ್ಪನವರನ್ನು ನಾವು ಅವರಿಂದ ಏಳು ಹೆಜ್ಜೆ ದೂರದಲ್ಲಿ ಇಟ್ಟಿದ್ದೇವೆ.

ಹೆಗಡೆಯವರು ಇನ್ನೊಂದು ಉಪಕಾರ ಮಾಡಿದರು. ಕಬರಿನೊಳಗೆ ಮಯ್ಯಿತ್ತಿನ ಮೇಲೆ ಮುಚ್ಚಲು ನಮ್ಮಲ್ಲಿ ಅಡಿಕೆ ಮರದ ದಬ್ಬೆಗಳನ್ನು ಬಳಸುವುದುಂಟು. ನಮ್ಮವರ ಮನೆಯಲ್ಲಿ ಸಾವಾದಾಗಲೆಲ್ಲ ದಬ್ಬೆ ಹೋಗುತ್ತಿದ್ದುದು ಅವರ ತೋಟದಿಂದ. ಹಣ ತೆಗೆದುಕೊಳ್ಳದಿದ್ದರೂ ಅವರ ಅಜ್ಜ ಮನೆಯ ಕಿರ್ದಿಯಲ್ಲಿ ಕಡಿದ ಮರಗಳ ಲೆಕ್ಕ ಬರೆದಿಡುತ್ತಿದ್ದರಂತೆ. ಅಟ್ಟದಿಂದ ಇಳಿಸಿದ ಆ ಪುಸ್ತಕಗಳಲ್ಲಿ ಸಂವತ್ಸರ, ಮಾಸ, ತಿಥಿ ಸಮೇತ ಸಾಬರ ಮನೆಯ ಮಣ್ಣಿಗೆ ಇಷ್ಟು ದಬ್ಬೆ ಎಂಬ ನಮೂದುಗಳು ಸಿಕ್ಕವು. ನಮ್ಮ ಮನೆತನದ ಮರಣಗಳ ದಿನಾಂಕಗಳು ಒಬ್ಬ ಹವ್ಯಕ ಬ್ರಾಹ್ಮಣರ ಅಟ್ಟದಲ್ಲಿ ನೂರು ವರ್ಷ ಜೋಪಾನವಾಗಿದ್ದವು. ಇಂದು ಉತ್ತರ ಕನ್ನಡದ ಹೆಸರು ಪತ್ರಿಕೆಗಳಲ್ಲಿ ಬರುವುದು ಯಾವ ಕಾರಣಗಳಿಗಾಗಿ ಎಂಬುದನ್ನು ನೀವು ಬಲ್ಲಿರಿ. ಇದನ್ನೂ ಯಾರಾದರೂ ಬರೆಯಬೇಕು.

ಕಿರ್ದಿಯ ಒಂದು ಪುಟವನ್ನು ನಾವು ಮರೆಯಲಾರೆವು. ಕಾಳಯುಕ್ತಿ ಸಂವತ್ಸರ, ಅಂದರೆ 1918-19. ಆಶ್ವೀಜ ಮಾಸದ ಹನ್ನೆರಡು ದಿನಗಳಲ್ಲಿ ನಮ್ಮ ಮನೆಗೆ ನಾಲ್ಕು ಸಲ ದಬ್ಬೆ ಹೋಗಿತ್ತು. ಮುಂಬಯಿ ಪ್ರಾಂತದಲ್ಲಿ ಇನ್‌ಫ್ಲುಯೆಂಜಾ ಜನರನ್ನು ಕೊಯ್ದು ಹಾಕಿದ ತಿಂಗಳುಗಳವು. ನಕ್ಷೆಯ ಪೂರ್ವದ ಅಂಚಿನಲ್ಲಿ ಒತ್ತೊತ್ತಾಗಿರುವ ನಾಲ್ಕು ಗುರುತುಗಳು ಏಕೆ ಹಾಗಿವೆ ಎಂಬುದು ಆಗ ತಿಳಿಯಿತು. ಅಗಲವಾಗಿ ತೋಡಲು ಕೈಗಳೇ ಇದ್ದಿರಲಿಕ್ಕಿಲ್ಲ. ಫುಪ್ಪುವಿಗೆ ಅವರ ದಾದಿಯಿಂದ ಕೇಳಿದ ನೆನಪಿತ್ತು, ಮನೆಯಲ್ಲಿ ನೀರು ಕೊಡುವವರೂ ಎದ್ದಿರಲಿಲ್ಲವಂತೆ. ಸಣ್ಣ ದಿಬ್ಬಗಳ ಕಥೆ ಇನ್ನೊಂದು. ನಮ್ಮ 61ರಲ್ಲಿ 19 ಮಕ್ಕಳವು. ಈ ಕಾಡು ಸೀಮೆಯ ಮಲೇರಿಯಾಕ್ಕೆ ಹೆದರಿ ಬಯಲುಸೀಮೆಯವರು ಇಲ್ಲಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲವೊಂದಿತ್ತು. 1940ರ ದಶಕದ ಮಧ್ಯದಲ್ಲಿ ಡಾ. ಡಿ.ಕೆ. ವಿಶ್ವನಾಥನ್‌ರ ನೇತೃತ್ವದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಮನೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ಆರಂಭವಾಯಿತು. ನಮ್ಮ ಪುಸ್ತಕದಲ್ಲಿ ದಿನಾಂಕ ಸಿಕ್ಕಿದ ಮಕ್ಕಳ ಕಬರ್‌ಗಳಲ್ಲಿ ಅನಂತರದವು ಎರಡೇ.

ಈಗ ಈ ಭಾಷಣದ ಕಷ್ಟದ ಭಾಗಕ್ಕೆ ಬರುತ್ತೇವೆ.

ಹೆಸರು ಅಥವಾ ಗುರುತು ಸಿಕ್ಕಿದ 38 ಕಬರ್‌ಗಳಲ್ಲಿ ನಾಲ್ಕು ನಮ್ಮ ಕುಟುಂಬದವರದ್ದಲ್ಲ. ಒಂದು, ಅಡಿಕೆ ಮೂಟೆಗಳೊಂದಿಗೆ ಕುಮಟೆಗೆ ಹೋಗುವ ದಾರಿಯಲ್ಲಿ ಜ್ವರ ಬಂದು ತೀರಿಹೋದ ಗಾಡಿಯವನದ್ದು. ಇನ್ನೊಂದು ಮಲಬಾರಿನಿಂದ ಮರ ಕೊಯ್ಯಲು ಬಂದಿದ್ದವನದ್ದು. ಮೂರನೆಯದು ಯಲ್ಲಾಪುರದ ಕಡೆಯಿಂದ ತೋಟದ ಕೂಲಿಗೆ ಬಂದಿದ್ದ ಒಬ್ಬ ಸಿದ್ದಿ ಮುಸ್ಲಿಮನದ್ದು. ನಾಲ್ಕನೆಯದು ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಬಳೆ ಮಾರಿ ಮರಳುತ್ತಿದ್ದ ಒಬ್ಬ ಹೆಣ್ಣುಮಗಳದ್ದು. ಕಿರ್ದಿಯಲ್ಲಿ ಆಕೆಯ ಹೆಸರಿಲ್ಲ, ಬಳೆಗಾರ ಸಾಬರ ಹೆಂಗಸು ಎಂದಷ್ಟೇ ಇದೆ.

ಕರಡು ಪಟ್ಟಿಯನ್ನು ಕುಟುಂಬದ ಎಲ್ಲ ಕವಲುಗಳಿಗೂ ಕಳುಹಿಸಿದಾಗ ನಮ್ಮ ದಾಯಾದಿಯೊಬ್ಬರು ಶಿರಸಿಗೆ ಬಂದು ಕುಳಿತರು. ‘ಭಾಯ್, ಕೆಲಸ ಒಳ್ಳೆಯದು. ಆದರೆ ಈ ನಾಲ್ಕನ್ನು ಬಿಟ್ಟುಬಿಡಿ’ ಎಂದರು. ಅವರು ವಕೀಲರನ್ನು ಕಂಡು ಬಂದಿದ್ದರು. ವಕೀಲರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. 1976ರಲ್ಲಿ ಸುಪ್ರೀಂ ಕೋರ್ಟು ಸೈಯದ್ ಮುಹಮ್ಮದ್ ಸಾಲೆ ಲಬ್ಬೈ ಪ್ರಕರಣದಲ್ಲಿ ನೀಡಿದ ತೀರ್ಪಿನ ಪ್ರಕಾರ, ಖಾಸಗಿ ಕಬರ್‌ಸ್ತಾನವೆಂದರೆ ಅದರಲ್ಲಿ ಸ್ಥಾಪಕ, ಆತನ ಕುಟುಂಬ ಮತ್ತು ವಂಶಸ್ಥರ ಕಬರ್‌ಗಳು ಮಾತ್ರ ಇರಬೇಕು. ಹೊರಗಿನವರನ್ನು ದಫನ ಮಾಡಲು ಅವಕಾಶ ಕೊಟ್ಟರೆ ಅದರ ಖಾಸಗಿ ಸ್ವರೂಪ ಕಳಚಿ ಅದು ಸಾರ್ವಜನಿಕ ಕಬರ್‌ಸ್ತಾನವಾಗುತ್ತದೆ. ಸಾರ್ವಜನಿಕವೆಂದು ಸಾಧಿಸಲು ಬೇಕಾಗುವುದು ದಫನಗಳ ಉದಾಹರಣೆಗಳು. ನಾವು ಮಾಡಿದ್ದು ಅದೇ ಪಟ್ಟಿ! ಕುಟುಂಬದ ಆಸ್ತಿ ಎಂದು ಪಹಣಿಯಲ್ಲಿ ಅಜ್ಜನ ಹೆಸರಿನಲ್ಲಿರುವ ಜಾಗದಲ್ಲಿ ಈ ನಾಲ್ವರ ಹೆಸರು ಬರೆದರೆ ಅದು ಇನ್ನು ನಮ್ಮದೆಂದು ಹೇಳಿಕೊಳ್ಳುವುದು ಕಷ್ಟ.

ಅವರನ್ನು ಆಸೆಬುರುಕರೆಂದು ನಾವು ಕರೆಯುವುದಿಲ್ಲ. ಹಿಸ್ಸೆಯಾಗದೆ ಉಳಿದಿರುವ ಸರ್ವೆ ನಂಬರು ಅದು, ಉಳಿದ ಭಾಗದಲ್ಲಿ ಅಡಿಕೆ ಇದೆ. ಮೇಲಾಗಿ ಅವರಲ್ಲಿ ಭಯವಿತ್ತು. 2024ರ ಅಕ್ಟೋಬರ್, ನವೆಂಬರ್‌ನಲ್ಲಿ ವಿಜಯಪುರ ಜಿಲ್ಲೆಯ ರೈತರ ಪಹಣಿಗಳಲ್ಲಿ ವಕ್ಫ್ ಎಂಬ ನಮೂದಿನ ಕುರಿತು ಎದ್ದ ಕೋಲಾಹಲವನ್ನು ಅವರು ಟಿ.ವಿ.ಯಲ್ಲಿ ಕಂಡಿದ್ದರು. ಸರಕಾರ ನೋಟೀಸುಗಳನ್ನು ಹಿಂತೆಗೆದುಕೊಂಡಿತು, ಆದರೆ ವಕ್ಫ್ ಎಂಬ ಪದವೇ ಹಳ್ಳಿಗಳಲ್ಲಿ ಬೈಗುಳದಂತಾಯಿತು. ‘ಹೆಗಡೆಯವರ ಮಕ್ಕಳು ನಾಳೆ ನಮ್ಮನ್ನು ಯಾವ ಕಣ್ಣಿನಿಂದ ನೋಡಬಹುದು?’ ಎಂದು ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ.

ಉತ್ತರಿಸಿದವರು ಫುಪ್ಪು. ಬಳೆಗಾರ್ತಿಯ ಕಫನ್ ಬಟ್ಟೆ ತಮ್ಮ ತಾಯಿಯ ಪೆಟ್ಟಿಗೆಯಿಂದ ಹೋದದ್ದು ಎಂದರು. ತಾಯಿ ತನಗಾಗಿ ತರಿಸಿಟ್ಟುಕೊಂಡಿದ್ದ ಬಟ್ಟೆಯದು. ಆಕೆಯನ್ನು ಮೀಯಿಸಿದವರೂ ತಾಯಿಯೇ. ‘ಅಮ್ಮೀಜಾನ್ ಕೊಟ್ಟ ಬಟ್ಟೆಯನ್ನು ಈಗ ನೀವು ವಾಪಸು ಕೇಳುತ್ತೀರಾ?’ ಎಂದರು. ದಾಯಾದಿ ಭಾಯ್ ತಲೆ ತಗ್ಗಿಸಿದರು. ಪಟ್ಟಿಯಲ್ಲಿ ನಾಲ್ಕೂ ಉಳಿದವು.

ನಾವು ಹೇಳಬೇಕೆಂದಿದ್ದುದೂ ಇದನ್ನೇ. ದಾಖಲೆ ಎಂದರೆ ನಮಗೆ ಬೇಕಾದುದನ್ನು ಬರೆದುಕೊಳ್ಳುವುದಲ್ಲ. ಜಾಗ ಉಳಿಸಿಕೊಳ್ಳಲು ಹೊರಗಿನವರ ಹೆಸರು ಬಿಡುವುದು ಸುಳ್ಳು ಸಾಕ್ಷ್ಯ. ಜಾಗ ಗಳಿಸಲು ಇಲ್ಲದ ಕಬರ್‌ಗಳನ್ನು ಸೃಷ್ಟಿಸುವುದೂ ಸುಳ್ಳು ಸಾಕ್ಷ್ಯವೇ, ಅಂತಹವರೂ ನಮ್ಮ ಸಮುದಾಯದಲ್ಲಿ ಇದ್ದಾರೆ. ನಮ್ಮ ಪುಸ್ತಕದಲ್ಲಿ ಪ್ರತಿಯೊಂದು ಸಾಲಿನ ಮುಂದೆ ಇದನ್ನು ಯಾರು ಹೇಳಿದರು, ತಾವೇ ಕಂಡು ಹೇಳಿದರೋ ಕೇಳಿ ಹೇಳಿದರೋ ಎಂಬ ಕಾಲಂ ಇದೆ. 23 ಗುರುತುಗಳ ಮುಂದೆ ಹೆಸರಿನ ಜಾಗ ಖಾಲಿ ಇದೆ. ಅದನ್ನು ಖಾಲಿಯೇ ಬಿಟ್ಟಿದ್ದೇವೆ.

ಇನ್ನು ಕಾನೂನು. ಶತಮಾನಗಳಿಂದ ನಮ್ಮ ಹಳ್ಳಿಯ ಕಬರ್‌ಸ್ತಾನಗಳಿಗೆ ಇದ್ದ ದೊಡ್ಡ ಆಸರೆ ‘ಬಳಕೆಯಿಂದ ವಕ್ಫ್’ ಎಂಬ ತತ್ವ. ಯಾರೂ ಪತ್ರ ಬರೆದುಕೊಟ್ಟಿರದಿದ್ದರೂ ದೀರ್ಘಕಾಲ ದಫನ ನಡೆದ ಭೂಮಿಯನ್ನು ನ್ಯಾಯಾಲಯಗಳು ವಕ್ಫ್ ಎಂದು ಒಪ್ಪುತ್ತಿದ್ದವು. 2025ರ ವಕ್ಫ್ ತಿದ್ದುಪಡಿ ಕಾಯ್ದೆ ಆ ತತ್ವವನ್ನು ಕೈಬಿಟ್ಟಿತು. ಆ ವರ್ಷದ ಏಪ್ರಿಲ್ 8ರಂದು ಅದು ಜಾರಿಗೆ ಬರುವ ಮೊದಲು ನೋಂದಣಿಯಾಗಿದ್ದ ಇಂತಹ ಆಸ್ತಿಗಳು ಮಾತ್ರ ವಕ್ಫ್ ಆಗಿ ಉಳಿಯುತ್ತವೆ, ಅದೂ ವಿವಾದದಲ್ಲಿರಬಾರದು, ಸರಕಾರಿ ಜಾಗವಾಗಿರಬಾರದು. 2025ರ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟು ಕಾಯ್ದೆಯ ಕೆಲವು ಅಂಶಗಳಿಗೆ ತಡೆ ನೀಡಿತಾದರೂ ಇದಕ್ಕೆ ತಡೆ ನೀಡಲಿಲ್ಲ. ನೋಂದಾಯಿತ ಆಸ್ತಿಗಳ ವಿವರಗಳನ್ನು ‘ಉಮೀದ್’ ಪೋರ್ಟಲ್‌ಗೆ ತುಂಬಲು ಆ ಜೂನ್‌ನಿಂದ ಆರು ತಿಂಗಳು ಕೊಡಲಾಗಿತ್ತು. ಆಗ ಜಮಾಅತ್‌ಗಳ ಪದಾಧಿಕಾರಿಗಳು ಚಕ್ಕುಬಂದಿ ಹುಡುಕಿಕೊಂಡು ಕಚೇರಿಗಳಿಗೆ ಅಲೆದುದನ್ನು ನೀವೆಲ್ಲ ಕಂಡಿದ್ದೀರಿ. ಸರಕಾರದ ಉದ್ದೇಶದ ಬಗ್ಗೆ ನಮಗೆ ಗಂಭೀರ ಸಂದೇಹಗಳಿವೆ. ಬಡವರ ಹಳ್ಳಿಯ ದಫನ ಭೂಮಿಯ ಬಳಿ ಕಾಗದ ಕೇಳುವುದು ಅದನ್ನು ಕಿತ್ತುಕೊಳ್ಳಲು ಅರ್ಧ ದಾರಿ ಮಾಡಿಕೊಟ್ಟಂತೆ. ಆದರೆ ನೋಂದಣಿಯ ಅವಕಾಶ 1954ರ ಕಾಯ್ದೆಯಿಂದಲೂ ಇತ್ತು. ಎಪ್ಪತ್ತು ವರ್ಷ ನಾವು ಏನು ಮಾಡುತ್ತಿದ್ದೆವು? ಶಿರಸಿಯಲ್ಲಿ, ಹುಬ್ಬಳ್ಳಿಯಲ್ಲಿ ಶಾದಿಮಹಲ್‌ಗಳನ್ನು ಕಟ್ಟುತ್ತಿದ್ದೆವು.

ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. ಮೊದಲು ನಿಮ್ಮ ಹಳ್ಳಿಯ ಜಾಗದ ಪಹಣಿ ತೆಗೆಸಿ ಮೂರನೆಯ ಕಾಲಂ ನೋಡಿರಿ. ಅಲ್ಲಿ ಖರಾಬು ಎ ಮತ್ತು ಬಿ ಎಂದು ಎರಡು ಬಗೆ. ಎ ಎಂದರೆ ಖಾಸಗಿ ಹಿಡುವಳಿಯೊಳಗಿನ ಸಾಗುವಳಿಯಾಗದ ಭಾಗ. ಬಿ ಎಂದರೆ ದಾರಿ, ಹಳ್ಳ, ದಫನ ಭೂಮಿಯಂತಹ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ನಮ್ಮದು ಎ ಎಂದಿತ್ತು. ಭೂಮಾಪನ ಕಚೇರಿಯಲ್ಲಿ ಹಳೆಯ ಟಿಪ್ಪಣಿ ಮತ್ತು ಆಕಾರಬಂದಿನ ನಕಲು ಕೇಳಿರಿ, ಹಳೆಯ ನಕ್ಷೆಯಲ್ಲಿ ಕಬರ್‌ಸ್ತಾನದ ಗುರುತು ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಜಾಗ ಬೇರೆಯವರ ಹೆಸರಿಗೆ ಹೋಗಿರಲೂಬಹುದು. ಆಗ ಅವರ ಮನೆಗೆ ಹೋಗಿ ಕುಳಿತು ಮಾತನಾಡಿರಿ, ನೇರವಾಗಿ ನೋಟೀಸು ಕಳುಹಿಸಬೇಡಿರಿ. ಪಹಣಿಯಲ್ಲಿ ಅರಣ್ಯ ಎಂದಿದ್ದರೆ ಅದು ದೊಡ್ಡ ತೊಡಕು. ಬಹುಪಾಲು ಭೂಮಿ ಅರಣ್ಯವಾಗಿರುವ ನಮ್ಮ ಜಿಲ್ಲೆಯಲ್ಲಿ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯನ್ನು ದಾಟುವುದು ಸುಲಭವಲ್ಲ. ದಫನ ಭೂಮಿ ಇಲ್ಲದ ಗ್ರಾಮಗಳಿಗೆ ಜಾಗ ಒದಗಿಸುವಂತೆ ಹೈಕೋರ್ಟು 2019ರಲ್ಲಿ ಸರಕಾರಕ್ಕೆ ಆದೇಶಿಸಿತ್ತು. ಅದನ್ನು ಹಿಡಿದು ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಇದು ಎಲ್ಲ ಜಾತಿ ಧರ್ಮದವರ ಅಗತ್ಯವೂ ಆಗಿರುವುದರಿಂದ ಪಕ್ಕದ ಕೇರಿಯವರೊಂದಿಗೆ ಸೇರಿ ಕೊಟ್ಟರೆ ಇನ್ನೂ ಒಳ್ಳೆಯದು.

ನಮ್ಮಂತೆ ಜಾಗ ಸ್ವಂತ ಹೆಸರಿನಲ್ಲಿದ್ದರೆ ಹಕ್ಕುದಾರರೆಲ್ಲ ಸೇರಿ ವಕ್ಫ್ ಪತ್ರ ಬರೆದುಕೊಡಬೇಕು. ಹೊಸ ಕಾಯ್ದೆಯ ಪ್ರಕಾರ ಪತ್ರವಿಲ್ಲದೆ ವಕ್ಫ್ ಇಲ್ಲ. ನಮ್ಮಲ್ಲಿ ಒಂಬತ್ತು ಮಂದಿ ಹಕ್ಕುದಾರರು. ಏಳು ಮಂದಿ ಒಪ್ಪಿದ್ದಾರೆ. ದಾಯಾದಿ ಭಾಯ್ ಹೆಸರುಗಳನ್ನು ಒಪ್ಪಿಕೊಂಡರಾದರೂ ಸಹಿಯನ್ನು ಇನ್ನೂ ಹಾಕಿಲ್ಲ, ದುಬೈಯಲ್ಲಿರುವ ಇನ್ನೊಬ್ಬರು ಊರಿಗೆ ಬಂದ ಮೇಲೆ ನೋಡೋಣ ಎನ್ನುತ್ತಿದ್ದಾರೆ. ಕಾಯುತ್ತಿದ್ದೇವೆ.

ಪುಸ್ತಕದ ಮೂರು ಪ್ರತಿಗಳನ್ನು ಮಾಡಿದ್ದೇವೆ. ಒಂದು ಮಸೀದಿಯ ಕಪಾಟಿನಲ್ಲಿದೆ, ಒಂದು ನಮ್ಮ ಮನೆಯಲ್ಲಿ. ಮೂರನೆಯದನ್ನು ಹೆಗಡೆಯವರಿಗೆ ಕೊಟ್ಟೆವು. ಅವರ ಅಟ್ಟ ನಮ್ಮ ಕಪಾಟುಗಳಿಗಿಂತ ನಂಬಿಕೆಯ ಜಾಗವೆಂದು ಸಾಬೀತಾಗಿದೆ. ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದರೆ ಸಾಲದೇ ಎಂದು ಹುಡುಗರು ಕೇಳುತ್ತಾರೆ. ಆ ಫೋಟೋಗಳು ಮುಂದಿನ ಫೋನಿನವರೆಗೆ ಮಾತ್ರ. ಕಾಗದದ ಮೇಲೆ ಬರೆಯಿರಿ, ಕನ್ನಡದಲ್ಲಿ ಬರೆಯಿರಿ. ಉರ್ದುವಿನಲ್ಲಿಯೂ ಬರೆಯಬಹುದು, ಆದರೆ ಕಚೇರಿಯ ಗುಮಾಸ್ತರೂ ನಿಮ್ಮ ಮೊಮ್ಮಕ್ಕಳೂ ಓದುವುದು ಕನ್ನಡವನ್ನು. ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ತಂದೆ ತಾಯಿಯನ್ನು ದೂರದ ಊರುಗಳಲ್ಲಿ ಯಾರ ಯಾರದೋ ಕೈಯಿಂದ ಮಣ್ಣು ಮಾಡಿಸಿದ ಕುಟುಂಬಗಳು ಈ ಸಭೆಯಲ್ಲಿಯೇ ಇವೆ. ಅಂದು ಮಣ್ಣು ಹಾಕಿದ ಯುವಕರು ಇನ್ನೂ ಇದ್ದಾರೆ. ಈಗಲೇ ಹೋಗಿ ಕೇಳಿರಿ.

ಫುಪ್ಪು ಕಳೆದ ತಿಂಗಳು ಇನ್ನೊಂದು ಹೆಸರನ್ನು ನೆನಪಿಸಿಕೊಂಡರು. ಆದರೆ ಯಾವ ಕಬರ್ ಎಂದು ಹೇಳಲಾಗಲಿಲ್ಲ. ಪುಸ್ತಕದ ಕೊನೆಯ ಹಾಳೆಯಲ್ಲಿ ಆ ಹೆಸರನ್ನು ಮಾತ್ರ ಬರೆದಿಟ್ಟಿದ್ದೇವೆ.

ಬರುವ ಭಾನುವಾರ ಯಲ್ಲಾಪುರ ತಾಲೂಕಿನ ಒಂದು ಕುಟುಂಬ ನಮ್ಮನ್ನು ಕರೆದಿದೆ. ಕಿರವತ್ತಿಯ ಆಚೆ, ಕಾಡಿನ ಬದಿಯ ಜಾಗ. ಅವರ ನಾನಿಗೆ 90 ವರ್ಷ, ಮಾತು ಇನ್ನೂ ಸ್ಪಷ್ಟವಾಗಿದೆಯಂತೆ. ಬರಬಯಸುವ ಯುವಕರು ಬೆಳಿಗ್ಗೆ ಏಳು ಗಂಟೆಗೆ ಮಸೀದಿಯ ಮುಂದೆ ಸೇರಲಿ. ಕತ್ತಿ, ಅಳತೆಪಟ್ಟಿ, ಚೌಕುಳಿ ಹಾಳೆ ನಮ್ಮಲ್ಲಿವೆ. ಇಂಬಳ ಇರುವ ಜಾಗ, ಸುಣ್ಣ ಅಥವಾ ಹೊಗೆಸೊಪ್ಪು ತಂದುಕೊಳ್ಳಿರಿ. ನಾನಿಯ ಬಳಿ ಕುಳಿತು ಕೇಳಿ ಬರೆದುಕೊಳ್ಳಲು ಇಬ್ಬರು ಸಹೋದರಿಯರು ಬಂದರೆ ಹೆಚ್ಚಿನ ಉಪಕಾರವಾಗುತ್ತದೆ.